ಕ್ಷೌರದಂಗಡಿಯ ಬಿಳಿ ಬಟ್ಟೆ

ಆ ಸಿನಿಮಾದಲ್ಲಿ ಯಾರಾದರೂ ಬಿಳಿ ಬಟ್ಟೆ ಕೊಡವಿದರೆ ಒಂದು ಹೆಣ ಬಿತ್ತೆಂದೇ ತಿಳಿಯಬೇಕು. ಮೊದಲ ದೃಶ್ಯದಲ್ಲಿ ಗ್ಯಾಂಗ್ ನಡೆಸುವ ಮನೆಯೊಂದರ ತಾಯಿ ಊಟದ ಮೇಜಿನ ಮೇಲೆ ಬಿಳಿ ಹಾಸು ಹರಡುತ್ತಾಳೆ. ಊಟ ಮುಗಿಯುವುದರೊಳಗೆ ದಂಧೆಯ ಪಾಲುದಾರ ಅದೇ ಹಾಸಿನ ಮೇಲೆ ಮುಖ ಅಡಿಯಾಗಿ ಬಿದ್ದಿರುತ್ತಾನೆ. ಆಮೇಲೆ ತಾರಸಿಯಲ್ಲಿ ಒಣಗಲು ಹಾಕಿದ ಹೊದಿಕೆ, ಅದರ ಹಿಂದೆ ಅಡಗಿ ಕುಳಿತ ಚಾಡಿಕೋರ. ಆಮೇಲೆ ಹೋಟೆಲಿನಲ್ಲಿ ಮುದುಕನೊಬ್ಬ ಕೊರಳಿಗೆ ಸಿಕ್ಕಿಸಿಕೊಳ್ಳುವ ಕೈವಸ್ತ್ರ. ಹೀಗೆ ಒಟ್ಟು ಆರು ಬಿಳಿ ಬಟ್ಟೆಗಳು, ಆದರೆ ಸಾವು ಐದೇ. ಆ ಒಂದು ವ್ಯತ್ಯಾಸವನ್ನು ಹಿಡಿದುಕೊಂಡು ನಾನು ಇಡೀ ಪುಸ್ತಕವನ್ನೇ ಬರೆದಿದ್ದೆ.

ಅದು ಕಪ್ಪು-ಬಿಳುಪಿನ ಕಾಲದ, ಅಣ್ಣ ತಮ್ಮಂದಿರ ಕಥೆ. ಅಣ್ಣ ಊರನ್ನೇ ನಡುಗಿಸುವ ಗ್ಯಾಂಗಿನ ಯಜಮಾನ. ತಮ್ಮನಿಗೆ ಅದೆಲ್ಲ ಬೇಡ. ನಮ್ಮ ಮನೆಯಲ್ಲಿ ಅವರಿಬ್ಬರನ್ನು ದೊಡ್ಡವನು, ಚಿಕ್ಕವನು ಎಂದೇ ಕರೆಯುತ್ತಿದ್ದೆವು, ಹತ್ತಿರದ ನೆಂಟರೋ ಎಂಬಂತೆ. ಸಿನಿಮಾದ ನಡುವೆ ಚಿಕ್ಕವನು ಊರು ಬಿಡಲು ನಿರ್ಧರಿಸಿ, ಹೊರಡುವ ಮುಂಚೆ ಗಡ್ಡ ಮಾಡಿಸಿಕೊಳ್ಳಲು ಹೋಗುತ್ತಾನೆ. ಕ್ಷೌರಿಕ ಬಿಳಿ ಬಟ್ಟೆಯನ್ನು ಫಟ್ಟನೆ ಕೊಡವಿ ಅವನ ಕೊರಳಿಗೆ ಕಟ್ಟುತ್ತಾನೆ. ಇನ್ನೇನು ಕಾದಿದೆಯೋ ಎಂದು ನೋಡುವವರ ಜೀವ ಬಾಯಿಗೆ ಬರುತ್ತದೆ. ಏನೂ ಆಗುವುದಿಲ್ಲ. ಚಿಕ್ಕವನು ಎದ್ದು ಬೀದಿಗೆ ಬಂದು, ಬಿಸಿಲಿನಲ್ಲಿ ನಿಂತು, ನುಣ್ಣಗಾದ ಕೆನ್ನೆ ಸವರಿಕೊಂಡು ನಗುತ್ತಾನೆ. ಮರುಕ್ಷಣ ಮನೆಯ ಊಟದ ಮೇಜು. ಒಂದು ಕುರ್ಚಿ ಖಾಲಿ ಇದೆ. ಅದರಲ್ಲಿ ಯಾರನ್ನೂ ಕೂರಲು ದೊಡ್ಡವನು ಬಿಡುವುದಿಲ್ಲ. ಚಿಕ್ಕವನು ಮತ್ತೆ ತೆರೆಯ ಮೇಲೆ ಬರುವುದೇ ಇಲ್ಲ.

ಆ ಖಾಲಿ ಕುರ್ಚಿ ಕಂಡ ಕೂಡಲೇ ಮುಕ್ಕಾಲು ಸೆಕೆಂಡು ಸಿನಿಮಾದಲ್ಲಿ ಸದ್ದೇ ಇರುವುದಿಲ್ಲ. ತಟ್ಟೆಯ ಸಪ್ಪಳವಿಲ್ಲ, ಉಸಿರಿಲ್ಲ. ಆ ಮುಕ್ಕಾಲು ಸೆಕೆಂಡಿನ ಮೇಲೆ ನಾನು ಹನ್ನೊಂದು ಪುಟ ಬರೆದಿದ್ದೆ. ಸಾವಿನ ಬಟ್ಟೆ ಒಬ್ಬನನ್ನು ಬಿಟ್ಟುಕೊಟ್ಟಿತು, ಕುರ್ಚಿ ಅವನಿಗಾಗಿ ಕಾಯುತ್ತಿದೆ, ಇಷ್ಟು ರಕ್ತದ ನಡುವೆಯೂ ನಿರ್ದೇಶಕ ಒಂದು ಕ್ಷಮೆಯನ್ನು ಇಟ್ಟಿದ್ದಾನೆ ಎಂದು. ಕಾಲೇಜಿನಲ್ಲಿ ಸಿನಿಮಾ ಪಾಠ ಮಾಡುವವಳು ನಾನು. ಇಪ್ಪತ್ತು ವರ್ಷದಿಂದ ಇದನ್ನೇ ಹೇಳುತ್ತ ಬಂದಿದ್ದೆ. ನನ್ನ ಹೆಸರು ಹೇಳಿದರೆ ನಾಲ್ಕು ಜನ ನೆನಪಿಸಿಕೊಳ್ಳುವುದೂ ಇದಕ್ಕೇ. ಪುಸ್ತಕ ಅಚ್ಚಿಗೆ ಹೋಗಲು ಇನ್ನೆರಡು ವಾರವಿತ್ತು.

ಆಗ ಒಂದು ಸೋಮವಾರ ಬೆಳಿಗ್ಗೆ ಚಲನಚಿತ್ರ ಸಂಗ್ರಹಾಲಯದಿಂದ ಫೋನು ಬಂತು. ಹಳೆಯ ಫಿಲ್ಮುಗಳನ್ನು ತೊಳೆದು, ಹರಿದಲ್ಲಿ ಕೂಡಿಸಿ, ಹೊಸ ಪ್ರತಿ ತೆಗೆಯುವ ಹುಡುಗಿಯೊಬ್ಬಳು ಅಲ್ಲಿದ್ದಾಳೆ. ಅವಳ ಕನ್ನಡಕ ಅವಳ ಮುಖಕ್ಕಿಂತ ದೊಡ್ಡದು. ನನ್ನ ಮಟ್ಟಿಗೆ ಅವಳು ಕನ್ನಡಕದ ಹುಡುಗಿ. ನಮ್ಮ ಸಿನಿಮಾದ ಉಳಿದಿರುವ ಒಂದೇ ಒಂದು ಪ್ರತಿ ಅವಳ ಮೇಜಿನ ಮೇಲಿತ್ತು. ಅದು ಉಳಿದದ್ದೂ ಅಪ್ಪನಿಂದ. ಅಪ್ಪ ಮೂವತ್ತೈದು ವರ್ಷ ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ಓಡಿಸಿದವನು. ಚಿತ್ರಮಂದಿರ ಮುಚ್ಚಿದಾಗ ಯಾರೂ ಕೇಳದ ಆ ರೀಲುಗಳನ್ನು ಮನೆಗೆ ತಂದು ಮಂಚದ ಕೆಳಗಿಟ್ಟು, ಆಮೇಲೆ ಸಂಗ್ರಹಾಲಯಕ್ಕೆ ಕೊಟ್ಟಿದ್ದ.

"ಮೇಡಂ, ಆ ಕುರ್ಚಿ ಹತ್ರ ಮೌನ ಇದೆಯಲ್ಲ," ಅಂದಳು ಹುಡುಗಿ, "ಅದು ಮೌನ ಅಲ್ಲ. ಮಸಿ."

"ಏನು ಮಸಿ?"

"ಫಿಲ್ಮಿನ ಅಂಚಲ್ಲಿ ಸದ್ದಿನ ಗೆರೆ ಓಡುತ್ತಲ್ಲ, ಅದರ ಮೇಲೆ ಯಾರೋ ಕಪ್ಪು ಮಸಿ ಹಚ್ಚಿದ್ದಾರೆ. ಸಣ್ಣ ಕುಂಚದಲ್ಲಿ, ತುಂಬಾ ನೀಟಾಗಿ. ಅಲ್ಲೇ ಫಿಲ್ಮು ಕತ್ತರಿಸಿ ಮತ್ತೆ ಅಂಟಿಸಿರೋ ಗುರುತೂ ಇದೆ. ಮಸಿ ಕೆಳಗೆ ಏನೋ ಸದ್ದಿದೆ ಮೇಡಂ. ತೊಳೀಲಾ, ಬೇಡ್ವಾ? ಶುಕ್ರವಾರ ಸಂಜೆಗೆ ನಾನು ಪ್ರತಿ ಮುಗಿಸಿ ಕೊಡ್ಬೇಕು. ಆ ಮೌನದ ಬಗ್ಗೆ ಬರೆದೋರು ನೀವು. ನೀವೇ ಹೇಳಿ."

ಶುಕ್ರವಾರದೊಳಗೆ ಹೇಳುತ್ತೇನೆ ಎಂದೆ. ನನ್ನ ಹನ್ನೊಂದು ಪುಟ ಕಣ್ಣ ಮುಂದೆ ಬಂತು. ಆದರೂ ಧೈರ್ಯ ಕೆಟ್ಟಿರಲಿಲ್ಲ. ಲ್ಯಾಬಿನಲ್ಲೇ ಯಾರೋ ಗೀರು ಮುಚ್ಚಲು ಹಚ್ಚಿರಬೇಕು ಎಂದುಕೊಂಡೆ. ಇಂಥದ್ದನ್ನೆಲ್ಲ ಬಲ್ಲವನು ಅಪ್ಪ. ಆವತ್ತು ಮಧ್ಯಾಹ್ನವೇ ಅವನ ಮನೆಗೆ ಹೋದೆ.

ಅಪ್ಪ ಕಿಟಕಿಯ ಪಕ್ಕ ಕುಳಿತು ಚಹಾ ಆರಿಸುತ್ತಿದ್ದ. ಎಪ್ಪತ್ತೆಂಟರ ಅಪ್ಪನಿಗೆ ಈಗ ಹತ್ತಿರದ್ದು ಏನೂ ಕಾಣುವುದಿಲ್ಲ. ಬೀದಿಯ ಆ ತುದಿಯ ಬೋರ್ಡನ್ನು ಮಾತ್ರ ಓದಿ ಹೇಳುತ್ತಾನೆ. ಜನ್ಮವೆಲ್ಲ ದೂರದ ಪರದೆ ನೋಡಿದವನಿಗೆ ದೇವರು ಅಷ್ಟನ್ನು ಉಳಿಸಿದ್ದಾನೆ. ಅವನ ತಂಗಿ, ನನ್ನ ಅತ್ತೆ, ಒಗೆದ ಬಟ್ಟೆಗಳನ್ನು ಮಡಚುತ್ತಿದ್ದಳು. ಅಮ್ಮ ತೀರಿಕೊಂಡ ವರ್ಷ ನನ್ನನ್ನು ನೋಡಿಕೊಳ್ಳಲು ಬಂದ ಅತ್ತೆ ಇಲ್ಲೇ ಉಳಿದುಬಿಟ್ಟಳು.

ಅತ್ತೆಗೆ ಬೀದಿಯಲ್ಲಿ ಒಂದು ಅಡ್ಡಹೆಸರಿದೆ: ಕೊಂದವಳು. ಅದರ ಕಥೆ ಇಷ್ಟು. ಅವಳು ಈ ಸಿನಿಮಾವನ್ನು ಮೊದಲು ಬೇರೆ ಊರಿನಲ್ಲಿ ನೋಡಿದ್ದಳು. ಇಲ್ಲಿಗೆ ಬಂದ ಹೊಸತರಲ್ಲಿ ನಲ್ಲಿಯ ಹತ್ತಿರ ಹೆಂಗಸರಿಗೆಲ್ಲ ಕಥೆ ಹೇಳಿ, ಚಿಕ್ಕವನು ಕ್ಷೌರದಂಗಡಿಯ ಮುಂದೆ ಗುಂಡು ತಿಂದು ಸಾಯುತ್ತಾನೆಂದು ಕಣ್ಣೀರನ್ನೂ ಹಾಕಿದಳಂತೆ. ಎಲ್ಲರೂ ಕರವಸ್ತ್ರ ಹಿಡಿದುಕೊಂಡು ಅಪ್ಪನ ಚಿತ್ರಮಂದಿರಕ್ಕೆ ಹೋದರು. ಚಿಕ್ಕವನು ಸಾಯಲಿಲ್ಲ. ಬದುಕಿದ್ದವನನ್ನು ಬಾಯಲ್ಲೇ ಕೊಂದವಳು ಎಂದು ಅಂದಿನಿಂದ ಹೆಸರಾಯಿತು. ನಾನಂತೂ ಒಂದು ಕೈ ಮೇಲೆಯೇ. ಬಿಳಿ ಬಟ್ಟೆಯ ಸಂಕೇತ ಎಷ್ಟು ಬಲವಾಗಿದೆಯೆಂದರೆ ಪ್ರೇಕ್ಷಕರ ನೆನಪು ಇಲ್ಲದ ಸಾವನ್ನೂ ತಾನೇ ತುಂಬಿಕೊಳ್ಳುತ್ತದೆ ಎಂದು ಪುಸ್ತಕದ ಅಡಿಟಿಪ್ಪಣಿಯಲ್ಲಿ ಬರೆದು, ಉದಾಹರಣೆಗೆ ಅತ್ತೆಯನ್ನೇ ಕೊಟ್ಟಿದ್ದೆ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಮ್ಮನೆ ಅಲ್ಲ.

ಮಸಿಯ ವಿಷಯ ಹೇಳಿದೆ. ಅಪ್ಪ ಚಹಾ ಕೆಳಗಿಟ್ಟ. ಲ್ಯಾಬಿನವರ ಕೆಲಸವೇ ಇರಬೇಕಲ್ಲವೇ ಎಂದು ಕೇಳಿದೆ. ಅವನು ಎದ್ದು, ಕುರ್ಚಿ ಎಳೆದು, ನಾನು ಬೇಡ ಬೇಡ ಎನ್ನುತ್ತಿದ್ದರೂ ಅದರ ಮೇಲೆ ಹತ್ತಿ, ಕಪಾಟಿನ ತಲೆಯ ಮೇಲಿಂದ ಒಂದು ದುಂಡನೆಯ ಡಬ್ಬಿ ತೆಗೆದ. ಅಮ್ಮನ ಗುಂಡಿಗಳ ಡಬ್ಬಿ. ಅಮ್ಮ ಬಟ್ಟೆ ಹೊಲಿಯುತ್ತಿದ್ದಳು. ಅವಳು ಹೋದ ಮೇಲೆ ಆ ಡಬ್ಬಿಗಾಗಿ ಮನೆಯೆಲ್ಲ ಹುಡುಕಿದ್ದು ನನಗೆ ನೆನಪಿದೆ. ಮುಚ್ಚಳ ತೆಗೆದರೆ ಹುಳಿಹುಳಿ ವಾಸನೆ ಮೂಗಿಗೆ ಹೊಡೆಯಿತು. ಹಳೆಯ ಫಿಲ್ಮು ಕೆಡುವಾಗ ಬರುವ ವಾಸನೆ ಅದು.

"ನಲವತ್ತು ಅಡಿ," ಅಂದ ಅಪ್ಪ. "ಇಪ್ಪತ್ತೇಳು ಸೆಕೆಂಡು. ಲ್ಯಾಬಿನೋರಲ್ಲ ಮಗಳೇ. ನಾನೇ."

ನನಗೆ ಏಳು ವರ್ಷವಿದ್ದಾಗ ಅಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡಳು. ನರ್ಸು ಬಿಳಿ ಹೊದಿಕೆಯನ್ನು ಅವಳ ಮುಖದ ಮೇಲೆ ಎಳೆದದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದೆ. ಆಮೇಲೆ ಎರಡು ತಿಂಗಳು ನಾನು ಒಂದು ಮಾತೂ ಆಡಲಿಲ್ಲವಂತೆ. ಅದು ನನಗೆ ನೆನಪಿಲ್ಲ. ನೆನಪಿರುವುದು ಪ್ರೊಜೆಕ್ಟರ್ ಕೋಣೆ: ಅದರ ಸೆಕೆ, ಉರಿಯುವ ಕಾರ್ಬನ್ ಕಡ್ಡಿಯ ಕಮಟು, ಪರದೆ ಕಾಣುವ ಅಂಗೈಯಗಲದ ಕಿಂಡಿ.

"ನಿನ್ನ ಬಿಡೋಕೆ ಮನೇಲಿ ಯಾರೂ ಇರ್ಲಿಲ್ಲ," ಅಂದ ಅಪ್ಪ. "ನೀನು ಸ್ಕೂಲು ಬಿಟ್ಟು ಸೀದಾ ಮೇಲಕ್ಕೆ ಬರ್ತಿದ್ದೆ. ಮೂರು ಗಂಟೆ ಆಟ. ಸ್ಟೂಲ್ ಹಾಕ್ಕೊಂಡು ಕಿಂಡೀಲಿ ನೋಡ್ತಾ ನಿಂತಿರ್ತಿದ್ದೆ. ಈ ಸಿನಿಮಾ ಬಂದ ಮೊದಲನೇ ದಿನ ಚಿಕ್ಕವನು ಬಿದ್ದ ತಕ್ಷಣ ಮೇಜಿನ ಕೆಳಗೆ ನುಗ್ಗಿ ಕಿವಿ ಮುಚ್ಕೊಂಡು ಕೂತೆ. ಎರಡನೇ ದಿನಾನೂ ಹಾಗೇ. ಮೂರನೇ ದಿನ ಕ್ಷೌರಿಕ ಬಟ್ಟೆ ಕೊಡವಿದಾಗ್ಲೇ ಹೋಗಿ ಕೂತ್ಬಿಟ್ಟೆ. ಕೆಳಗೆ ಟಿಕೆಟ್ ಕೊಡೋರ ಹತ್ರ ಕೂತ್ಕೋ ಅಂದ್ರೆ ಕೇಳ್ಲಿಲ್ಲ. ದಿನಾ ಬಂದು ಕಿಂಡಿ ಹತ್ರ ನಿಲ್ತಿದ್ದೆ, ಇವತ್ತಾದ್ರೂ ಬದುಕ್ತಾನೇನೋ ಅನ್ನೋ ಹಾಗೆ."

ಅತ್ತೆಯ ಕೈಯಲ್ಲಿ ಮಡಚುತ್ತಿದ್ದ ಅಂಗಿ ಹಾಗೇ ನಿಂತಿತ್ತು.

"ನಾಲ್ಕನೇ ದಿನ ಬೆಳಿಗ್ಗೆ ನಾನು ಬೇಗ ಹೋಗಿ ಆ ಭಾಗ ಕತ್ತರಿಸ್ದೆ. ಆದ್ರೆ ಫಿಲ್ಮಲ್ಲಿ ಚಿತ್ರದ ಸದ್ದು ಅದರ ಪಕ್ಕದಲ್ಲೇ ಇರಲ್ಲ, ಇಪ್ಪತ್ತು ಚೌಕ, ಅಂದ್ರೆ ಫ್ರೇಮು, ಮುಂದೆ ಇರುತ್ತೆ. ಅವಸರದಲ್ಲಿ ಅದು ಹೊಳೀಲಿಲ್ಲ. ಮೊದಲನೇ ಆಟದಲ್ಲಿ ಚಿತ್ರ ಹೋಗಿದೆ, ಗುಂಡಿನ ಸದ್ದು ಉಳಿದಿದೆ. ಖಾಲಿ ಕುರ್ಚಿ ಬಂತು, ಢಮ್ ಅಂತು. ಜನ ಕುರ್ಚಿ ಮುರೀತು ಅಂತ ಬಿದ್ದು ಬಿದ್ದು ನಕ್ಕರು. ನೀನು ಬರೋಷ್ಟರಲ್ಲಿ ಮಸಿ ಹಚ್ದೆ."

"ಆಮೇಲೆ?"

"ಆವತ್ತೂ ನೀನು ಮೇಜಿನ ಕೆಳಗೇ ಇದ್ದೆ. ಸದ್ದು ಬರ್ಲಿಲ್ಲ. ಮೆಲ್ಲಗೆ ಹೊರಗೆ ಬಂದು ಇಣುಕಿದೆ. ಮಾರನೇ ದಿನ ನಿಂತೇ ನೋಡ್ದೆ. ಅವನು ಬಿಸಿಲಲ್ಲಿ ಕೆನ್ನೆ ಸವರ್ಕೊಂಡ, ಊಟದ ಮೇಜು ಬಂತು. ನನ್ನ ಕಡೆ ತಿರುಗಿ, 'ಅಪ್ಪಾ, ಅವನು ತಪ್ಪಿಸ್ಕೊಂಡ' ಅಂದೆ."

ಇಲ್ಲಿ ನಾನು ಅಳಬೇಕಿತ್ತು. ಆದರೆ ನನ್ನ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. ಮೊದಲು ಅದೇ ಬಂತು.

"ಮತ್ತೆ ಸೇರಿಸ್ಬಹುದಿತ್ತಲ್ಲ! ನನಗೆ ಹೇಳ್ಬಹುದಿತ್ತಲ್ಲ! ಇಪ್ಪತ್ತು ವರ್ಷದಿಂದ ನಾನು ನಿರ್ದೇಶಕ, ಕ್ಷಮೆ, ಮೌನ ಅಂತ ಊರ ತುಂಬಾ ಭಾಷಣ ಮಾಡ್ಕೊಂಡು ಬಂದೆ. ನೀನು ಮುಂದಿನ ಸಾಲಲ್ಲಿ ಕೂತು ಚಪ್ಪಾಳೆ ಹೊಡೆದೆ!"

"ನೀನು ಚೆನ್ನಾಗಿ ಮಾತಾಡ್ತಿದ್ದೆ, ಅದಕ್ಕೆ ಹೊಡೆದೆ," ಅಂದ ಅಪ್ಪ. "ಸೇರಿಸೋದು ಯಾವತ್ತು? ನೂರು ದಿನ ಓಡ್ತು, ನೂರು ದಿನಾನೂ ನೀನು ಬಂದೆ. ದೊಡ್ಡವಳಾದ್ಮೇಲೆ ಹೇಳೋಣ ಅಂದ್ಕೊಂಡೆ, ಅಷ್ಟರಲ್ಲಿ ನೀನು ಒಂದು ಲೇಖನ ಬರೆದಿದ್ದೆ. ಇನ್ನೊಂದು ಸಲ ಬಾಯಿ ತನಕ ಬಂತು, ಆವತ್ತು ನಿನಗೆ ಬಹುಮಾನ ಬಂದಿತ್ತು."

"ಸತ್ತೋರನ್ನ ಕತ್ತರಿಸಿ ಡಬ್ಬೀಲಿಟ್ರೆ ಬದುಕಿ ಬರ್ತಾರಾ ಅಪ್ಪ?"

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಗುಂಡಿ ಡಬ್ಬಿ ಅವನ ಕೈಯಲ್ಲೇ ಇತ್ತು. ಅವನು ಅದರ ಮುಚ್ಚಳವನ್ನು ನಿಧಾನವಾಗಿ ಒತ್ತಿ ಹಾಕಿದ.

"ಬರಲ್ಲ," ಅಂದ. "ನೀನು ಮಾತಾಡ್ದೆ. ನನಗೆ ಅಷ್ಟು ಸಾಕಾಗಿತ್ತು."

ನಾನು ಚಪ್ಪಲಿ ಮೆಟ್ಟಿ ಹೊರಟುಬಂದೆ. ಹಿಂದಿನಿಂದ ಅತ್ತೆಯ ದನಿ ಕೇಳಿತು. "ಅಣ್ಣಾ! ಹಾಗಾದ್ರೆ ನಾನು ನೋಡಿದ್ದು ನಿಜ! ನಲವತ್ತೊಂದು ವರ್ಷ ನನ್ನ ಕೊಂದವಳು ಅನ್ನಿಸ್ಬಿಟ್ಟು ಪಕ್ಕದಲ್ಲೇ ಕೂತು ಚಹಾ ಕುಡಿದ್ಯಾ?"

ಮಂಗಳವಾರ ನಾನು ಏನು ಮಾಡಿದೆ ಎಂಬುದನ್ನು ಮುಚ್ಚಿಡುವುದಿಲ್ಲ. 'ಮಸಿ ತೊಳೆಯುವುದು ಬೇಡ, ಅದು ಮೂಲದಲ್ಲೇ ಇದ್ದದ್ದು' ಎಂದು ಕನ್ನಡಕದ ಹುಡುಗಿಗೆ ಸಂದೇಶ ಬರೆದೆ. ವಿಷಯ ತಿಳಿದವರು ಮೂರೇ ಜನ. ಅಪ್ಪ ಯಾರಿಗೂ ಹೇಳುವವನಲ್ಲ. ಅತ್ತೆ ಹೇಳಿದರೂ ನಂಬುವವರಿಲ್ಲ. ಅದಕ್ಕೆ ತಕ್ಕ ಅಡಿಟಿಪ್ಪಣಿಯನ್ನು ನಾನೇ ಬರೆದಿಟ್ಟಿದ್ದೆ. ಶುಕ್ರವಾರ ಸಂಜೆ ಕಳೆದರೆ ಚಿಕ್ಕವನು ಶಾಶ್ವತವಾಗಿ ಬದುಕಿಬಿಡುತ್ತಿದ್ದ, ಅವನ ಜೊತೆಗೆ ನನ್ನ ಪುಸ್ತಕವೂ. ಸಂದೇಶವನ್ನು ಕಳಿಸಲಿಲ್ಲ, ಅಳಿಸಲೂ ಇಲ್ಲ. ಇಡೀ ದಿನ ಫೋನನ್ನು ಬೋರಲಾಗಿಟ್ಟು ಓಡಾಡಿದೆ.

ಬುಧವಾರ ಕಾಲೇಜಿನಲ್ಲಿ ಪಾಠ ಮುಗಿಸಿ ಬಂದರೆ ನನ್ನ ಕೋಣೆಯಲ್ಲಿ, ನನ್ನದೇ ಕುರ್ಚಿಯಲ್ಲಿ ಅತ್ತೆ ಕುಳಿತಿದ್ದಳು. ಎರಡು ಬಸ್ಸು ಬದಲಾಯಿಸಿ ಬಂದಿದ್ದಳು.

"ಆ ಕೆಳಗಡೆ ಸಣ್ಣಕ್ಷರದಲ್ಲಿ ನನ್ನ ಬಗ್ಗೆ ಏನೋ ಬರೆದಿದೀಯಂತಲ್ಲ, ಅದನ್ನ ತೆಗಿ," ಅಂದಳು. "ಅದಕ್ಕೇ ಬಂದೆ."

"ತೆಗೀತೀನಿ ಅತ್ತೆ."

"ಇನ್ನೊಂದಕ್ಕೂ ಬಂದೆ." ಕೈಚೀಲದಿಂದ ಹಳೆಯ ಕಾರ್ಡೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. "ನಿಮ್ಮಮ್ಮ ಹೋದ್ಮೇಲೆ ನಿಮ್ಮಪ್ಪ ನನಗೆ ಒಂದು ಕಾಗದಾನೂ ಬರೆದಿರ್ಲಿಲ್ಲ. ಆಮೇಲೆ ಇದೊಂದು ಬಂತು. ಏನಾಗಿದ್ಯೋ ಅಂತ ಎದೆ ಹೊಡ್ಕೊಂಡು ಓದ್ದೆ."

ಒಂದು ಬದಿಯಲ್ಲಿ ಅತ್ತೆಯ ಆಗಿನ ವಿಳಾಸ. ಇನ್ನೊಂದು ಬದಿಯಲ್ಲಿ ಅಪ್ಪನ ಗುಂಡು ಅಕ್ಷರದಲ್ಲಿ ಎರಡೇ ಪದ: 'ಮಗು ಮಾತಾಡಿತು.' ಕ್ಷೇಮವಿಲ್ಲ, ಸಮಾಚಾರವಿಲ್ಲ, ಸಹಿಯಿಲ್ಲ.

"ನಲವತ್ತೊಂದು ವರ್ಷ ಬೈಸ್ಕೊಂಡೋಳು ನಾನು," ಅಂದಳು ಅತ್ತೆ. "ನಿನ್ನೆ ರಾತ್ರಿ ಅವನಿಗೆ ಊಟ ಬಡಿಸೋವಾಗ್ಲೇ ನನ್ನ ಸಿಟ್ಟು ಮುಗೀತು. ನೀನು ಎರಡು ದಿನದಿಂದ ಮುಖ ಊದಿಸ್ಕೊಂಡು ಕೂತಿದೀಯ. ಓದಿದೋರ ಹಣೆಬರಹವೇ ಇಷ್ಟು. ನೀರಾದ್ರೂ ಕೊಡು, ಬಿಸಿಲಲ್ಲಿ ಬಂದಿದೀನಿ."

ಅವಳು ಹೋದ ಮೇಲೆ ನಾನು ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಸೋಮವಾರ ಬರಬೇಕಾಗಿದ್ದ ಅಳು ಆಗ ಬಂತು. ಇಪ್ಪತ್ತು ವರ್ಷ ಬಿಳಿ ಬಟ್ಟೆಯ ಅರ್ಥ ಹುಡುಕಿದವಳು, ಎಷ್ಟೋ ಸಿನಿಮಾಗಳ ನಡುವೆ ಇದೊಂದರ ಬಟ್ಟೆಯೇ ನನ್ನನ್ನು ಯಾಕೆ ಹಿಡಿಯಿತು ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ನನ್ನ ಸಂಶೋಧನೆ. ನಾನು ಬರೆದದ್ದು ಆ ನಿರ್ದೇಶಕನ ಕ್ಷಮೆಯ ಬಗ್ಗೆ ಅಲ್ಲ. ನಮ್ಮಪ್ಪನ ಕತ್ತರಿಯ ಬಗ್ಗೆ.

ಗುರುವಾರ ಭೂತಗನ್ನಡಿ ತೆಗೆದುಕೊಂಡು ಅಪ್ಪನ ಮನೆಗೆ ಹೋದೆ. ಅವನು ಏನೂ ಕೇಳಲಿಲ್ಲ. ನಾನೂ ಕ್ಷಮಿಸು ಎನ್ನಲಿಲ್ಲ. ನಮ್ಮ ಮನೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳಿ ಅಭ್ಯಾಸವಿಲ್ಲ. ಆರಿದ ಚಹಾ ಬಿಸಿ ಮಾಡಿ ಅವನ ಮುಂದಿಟ್ಟೆ. ಅವನು ಪೆಟ್ಟಿಗೆಯಿಂದ ತನ್ನ ಹಳೆಯ ಹತ್ತಿ ಕೈಗವಸು ತೆಗೆದು ಹಾಕಿಕೊಂಡ. ಫಿಲ್ಮು ಮುದುರಿ ಸುರುಳಿಗಟ್ಟಿತ್ತು. ಮುರಿಯದ ಹಾಗೆ ಅವನು ಒಂದೊಂದೇ ಗೇಣು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದ, ನಾನು ಗಾಜು ಹಿಡಿದು ನೋಡಿದೆ. ಅವನಿಗೆ ಕಾಣುವುದಿಲ್ಲವಾದ್ದರಿಂದ ಬಾಯಲ್ಲಿ ಹೇಳುತ್ತ ಹೋದೆ.

"ಬಿಸಿಲಲ್ಲಿ ನಿಂತಿದಾನೆ. ಕೈ ಕೆನ್ನೆ ಮೇಲಿದೆ. ಎಡಗಡೆಯಿಂದ ಕಾರು ಬಂತು."

"ಹೂಂ."

"ಬಿದ್ದ."

ಅಪ್ಪ ಇನ್ನೊಂದು ಗೇಣು ಬಿಚ್ಚಿದ. ಇಷ್ಟು ವರ್ಷವಾದರೂ ಫಿಲ್ಮು ಮುಟ್ಟಿದರೆ ಅವನ ಬೆರಳುಗಳಿಗೆ ವಯಸ್ಸಾಗುವುದಿಲ್ಲ.

"ಕಾರು ಹೋಯ್ತು. ಕ್ಷೌರಿಕ ಅಂಗಡಿಯಿಂದ ಓಡಿ ಬಂದ. ಅವನ ಕೈಯಲ್ಲಿ ಆ ಬಟ್ಟೆ ಇದೆ." ನಾನು ಗಾಜನ್ನು ಕೆಳಗಿಟ್ಟೆ.

"ಮುಂದೆ?"

"ಮುಂದೇನು ಅಪ್ಪ, ಮುಖ ಮುಚ್ತಾನೆ."

"ನೋಡಿದ್ಯಾ?"

"ಇಲ್ಲ."

"ನೋಡು ಮತ್ತೆ," ಅಂದ. "ನಾನು ಹಿಡ್ಕೊಂಡಿದೀನಿ."

ಗಾಜನ್ನು ಎತ್ತಿಕೊಂಡೆ. ಕ್ಷೌರಿಕ ಮಂಡಿಯೂರಿ ಕುಳಿತಿದ್ದ. ಮುಂದಿನ ಚೌಕಗಳಲ್ಲಿ ಬಟ್ಟೆ ಅವನ ಎರಡೂ ಕೈಗಳ ನಡುವೆ ಬಿಚ್ಚಿಕೊಂಡಿತು. ಆಮೇಲೆ ಅವನು ಅದನ್ನು ಮಡಚಿದ. ಒಂದು ಸಲ, ಇನ್ನೊಂದು ಸಲ. ಚಿಕ್ಕವನ ತಲೆಯನ್ನು ಒಂದು ಅಂಗೈಯಲ್ಲಿ ಎತ್ತಿ ಮಡಚಿದ ಬಟ್ಟೆಯನ್ನು ದಿಂಬಿನ ಹಾಗೆ ಕೆಳಗಿಟ್ಟ. ಮುಖ ಮುಚ್ಚಲಿಲ್ಲ. ಸ್ವಲ್ಪ ಹೊತ್ತಿಗೆ ಮುಂಚೆ ತಾನೇ ನುಣ್ಣಗೆ ಮಾಡಿದ ಕೆನ್ನೆಯ ಮೇಲೆ ಕೈಯಿಟ್ಟು ಅಲ್ಲೇ, ಬಿಸಿಲಿನಲ್ಲಿ, ಕುಳಿತುಬಿಟ್ಟ. ತುಂಡಿನ ಕೊನೆಯವರೆಗೂ ಅವನು ಏಳಲಿಲ್ಲ.

"ದಿಂಬು ಮಾಡಿದಾನೆ ಅಪ್ಪ," ಅಂದೆ. "ಬಟ್ಟೇನ ತಲೆ ಕೆಳಗೆ ಇಟ್ಟಿದಾನೆ. ಮುಚ್ಚಿಲ್ಲ."

"ಹೌದಾ?" ಅಂದ ಅಪ್ಪ.

"ನಿನಗೆ ಗೊತ್ತಿರ್ಲಿಲ್ವಾ? ಮೂರು ದಿನ ನೀನೇ ಓಡಿಸಿದೀಯಲ್ಲ!"

"ಬೇರೆ ಆಟದಲ್ಲಿ ಆ ಹೊತ್ತಿಗೆ ಮುಂದಿನ ರೀಲು ಏರಿಸ್ತಿದ್ದೆ. ಮೂರು ಗಂಟೆ ಆಟದಲ್ಲಿ ನಾನೆಲ್ಲಿ ಪರದೆ ನೋಡ್ತಿದ್ದೆ? ಮೇಜಿನ ಕೆಳಗೆ ನಿನ್ನ ನೋಡ್ತಿದ್ದೆ."

ಆಮೇಲೆ ಫಿಲ್ಮನ್ನು ಮತ್ತೆ ಸುತ್ತಿ, ಅದಕ್ಕೆ ಧೂಳು ಕೂರದ ಹಾಗೆ ಊದಿ, ಡಬ್ಬಿಗೆ ಹಾಕಿ ನನ್ನ ಕೈಯಲ್ಲಿಟ್ಟ. ಯಾರಿಗೆ ಕೊಡುತ್ತೀ ಎಂದು ಕೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಸಂಗ್ರಹಾಲಯದ ಬಾಗಿಲು ತೆರೆಯುವ ಮೊದಲೇ ನಾನು ಅಲ್ಲಿದ್ದೆ. ಡಬ್ಬಿ ನೋಡಿದ ಕನ್ನಡಕದ ಹುಡುಗಿ ಕುರ್ಚಿಯಿಂದ ಎದ್ದು ನಿಂತಳು. ಕತ್ತರಿಸಿದ ಅಂಚು ಎರಡನ್ನೂ ಜೋಡಿಸಿ ನೋಡಿ, ಕೂದಲೆಳೆಯಷ್ಟೂ ತಪ್ಪಿಲ್ಲ, ಯಾರು ಮೇಡಂ ಇಷ್ಟು ಚೆನ್ನಾಗಿ ಕತ್ತರಿಸಿದ್ದು ಎಂದಳು. ನಮ್ಮಪ್ಪ ಎಂದೆ. ನನಗೆ ಹೆಮ್ಮೆಯೇ ಆಯಿತು.

"ಮಸಿ ತೊಳೀಲಾ?"

"ತೊಳಿ."

ಪ್ರಕಾಶಕರು ಫೋನಿನಲ್ಲಿ ಬಾಯಿಗೆ ಬಂದ ಹಾಗೆ ಬೈದರು. ನಾಲ್ಕನೆಯ ಅಧ್ಯಾಯವನ್ನು ಪೂರ್ತಿ ಕಿತ್ತು ಹಾಕಿದೆ. ಆ ಹನ್ನೊಂದು ಪುಟ ಕಸದ ಬುಟ್ಟಿಗೆ ಹೋದವು. ಆರು ಬಟ್ಟೆ, ಆರು ಸಾವು ಎಂದು ತಿದ್ದಿದೆ. ಕುರ್ಚಿ ಕಾಯುತ್ತಿಲ್ಲ, ಅಳುತ್ತಿದೆ ಎಂದು ಬರೆದೆ. ಆರರಲ್ಲಿ ಒಂದು ಬಟ್ಟೆ ಮಾತ್ರ ಯಾಕೆ ಬೇರೆ ಎಂಬುದನ್ನು ಬರೆಯಲು ಎರಡು ಪುಟವೇ ಸಾಕಾಯಿತು. ಅಡಿಟಿಪ್ಪಣಿಯಲ್ಲಿ ಅತ್ತೆಗೆ ಕೃತಜ್ಞತೆ ಹೇಳಿ, ಸರಿಯಾಗಿ ನೋಡಿದ್ದವಳು ಇವಳೊಬ್ಬಳೇ ಎಂದು ಸೇರಿಸಿದೆ. ಅದನ್ನು ಅವಳು ನಾಲ್ಕು ಪ್ರತಿ ಮಾಡಿಸಿ ಬೀದಿಯಲ್ಲಿ ಹಂಚಿದಳು.

ಹೊಸ ಪ್ರತಿಯ ಮೊದಲ ಪ್ರದರ್ಶನ ನಡೆದದ್ದು ಮರುತಿಂಗಳು, ಸಂಗ್ರಹಾಲಯದ ಚಿಕ್ಕ ಸಭಾಂಗಣದಲ್ಲಿ, ಮಧ್ಯಾಹ್ನ ಮೂರು ಗಂಟೆಗೆ. ಆ ಹೊತ್ತನ್ನು ನಾನೇ ಕೇಳಿ ಇರಿಸಿದ್ದೆ. ಅಪ್ಪನಿಗೆ ಚೆನ್ನಾಗಿ ಕಾಣಲೆಂದು ಕೊನೆಯ ಸಾಲಿನಲ್ಲಿ ಕುಳಿತೆವು. ಅತ್ತೆ ನಲ್ಲಿಯ ಹತ್ತಿರದ ಹಳೆಯ ಗೆಳತಿಯರಲ್ಲಿ ಉಳಿದಿದ್ದ ಮೂವರನ್ನು ಎಳೆದು ತಂದು ನಮ್ಮ ಮುಂದಿನ ಸಾಲಿನಲ್ಲಿ ಕೂರಿಸಿದ್ದಳು.

ಕ್ಷೌರಿಕ ಬಟ್ಟೆ ಕೊಡವಿದ. ಅಪ್ಪ ಪಕ್ಕದಿಂದ, ಪರದೆಯ ಮೇಲಿನ ಕಣ್ಣು ತೆಗೆಯದೆ, "ಬೇಕಾದ್ರೆ ಕಣ್ಣು ಮುಚ್ಕೋ ಮಗಳೇ" ಎಂದ. ನನಗೆ ನಲವತ್ತೆಂಟು ವರ್ಷ. ಬೇಡಪ್ಪ ಎಂದೆ. ಚಿಕ್ಕವನು ಬೀದಿಗೆ ಬಂದು ಕೆನ್ನೆ ಸವರಿಕೊಂಡು ನಕ್ಕ. ಕಾರು ಬಂತು. ನಲವತ್ತೊಂದು ವರ್ಷ ಮಸಿಯ ಕೆಳಗಿದ್ದ ಸದ್ದು ಸಭಾಂಗಣದ ತುಂಬ ಕೇಳಿತು.

"ನೋಡಿದ್ರಾ!" ಎಂದಳು ಅತ್ತೆ, ಎಲ್ಲರಿಗೂ ಕೇಳುವ ಹಾಗೆ. "ನಾನೇನು ಹೇಳಿದ್ದೆ!" ಎಂದವಳು ಮರುಕ್ಷಣವೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದಳು.

ಅಷ್ಟು ಮಾತ್ರ ನಾನು ಪರದೆ ನೋಡಿದ್ದು. ಕ್ಷೌರಿಕ ಓಡಿ ಬರುವ ಹೊತ್ತಿಗೆ ಅಪ್ಪನ ಕಡೆ ತಿರುಗಿದ್ದೆ. ಅವನ ಮುಖದ ಮೇಲೆ ಪರದೆಯ ಬೆಳಕು ಬಿದ್ದಿತ್ತು. ತಾನೇ ಕತ್ತರಿಸಿದ ಆ ಇಪ್ಪತ್ತೇಳು ಸೆಕೆಂಡನ್ನು ಅಪ್ಪ ಮೊದಲ ಸಲ ನೋಡುತ್ತಿದ್ದ. ಬಟ್ಟೆ ಬಿಚ್ಚಿಕೊಂಡಾಗ ಅವನ ಉಸಿರು ನಿಂತದ್ದೂ ಅದು ಮಡಚಿಕೊಂಡು ತಲೆಯ ಕೆಳಗೆ ಹೋದಾಗ ಬಿಟ್ಟದ್ದೂ ನನಗೆ ಗೊತ್ತಾಯಿತು. ಊಟದ ಮೇಜು, ಖಾಲಿ ಕುರ್ಚಿ ಬಂದುಹೋದ ಮೇಲೆ ಅವನು ಕೈ ಚಾಚಿ ನನ್ನ ಕೈ ಹಿಡಿದುಕೊಂಡ.

"ಎಲ್ಲಿ ಸೇರಿಸಿದಾಳೆ ಅಂತ ಗೊತ್ತೇ ಆಗ್ಲಿಲ್ಲ ನೋಡು," ಅಂದ. "ಒಳ್ಳೇ ಕೈ ಆ ಹುಡುಗೀದು."

"ಗೊತ್ತಾಗ್ಲಿಲ್ಲ ಅಪ್ಪ," ಅಂದೆ. ನಾನು ಆಗಲೂ ಪರದೆ ನೋಡುತ್ತಿರಲಿಲ್ಲ.